ಅಳಿದ ಊರು, ಉಳಿದ ಬೀದಿಗಳು

ಮನೆಯನ್ನು ಕಳೆದುಕೊಂಡವನಿಗೆ ಮೊದಲು ಬೇಕಾದುದು ಅನ್ನ, ಅನಂತರ ವಸ್ತ್ರ, ಅದಾದ ಮೇಲೆ ತಲೆಯ ಮೇಲೊಂದು ಸೂರು. ಈ ಕ್ರಮವನ್ನು ಅರಿಯದವರು ಯಾರೂ ಇಲ್ಲ. ಭೂಕಂಪವೋ ನೆರೆಯೋ ಬೆಂಕಿಯೋ ಒಂದು ಊರನ್ನು ಹಾಳುಮಾಡಿದ ಮೇಲೆ ಅಲ್ಲಿಗೆ ಧಾನ್ಯದ ಮೂಟೆಯನ್ನೂ ಕಂಬಳಿಗಳನ್ನೂ ಹೊತ್ತು ಧಾವಿಸುವವನನ್ನು ಲೋಕವು ಕೊಂಡಾಡುವುದು ನ್ಯಾಯವೇ ಸರಿ. ಆದರೆ ಅದೇ ಊರಿಗೆ ಒಬ್ಬ ಚಿತ್ರಕಾರನೋ ಶಿಲ್ಪಿಯೋ ಬಂದು, ತನಗೂ ಇಲ್ಲಿ ಮಾಡಬೇಕಾದ ಕೆಲಸವೊಂದುಂಟೆಂದು ಹೇಳಿದರೆ ಅವನಿಗೆ ಏನೆಂದು ಉತ್ತರ ಕೊಡಬೇಕು? ಹಸಿದವನ ಮುಂದೆ ವೀಣೆ ನುಡಿಸಿದಂತೆ ಇದು ಅಕಾಲದ ಮಾತೆಂದು ಅವನನ್ನು ಹಿಂದಕ್ಕೆ ಕಳುಹಿಸಬೇಕೆ? ಅಥವಾ ಅನ್ನ ವಸ್ತ್ರ ಸೂರುಗಳು ದೊರೆತ ಮೇಲೂ ಮನುಷ್ಯನಲ್ಲಿ ತುಂಬದೆ ಉಳಿಯುವ ತೆರವೊಂದಿದ್ದು, ಅದನ್ನು ತುಂಬುವ ಹೊಣೆ ಕಲೆಗೆ ಸೇರಿದ್ದೆ?

ಇದು ಪಂಡಿತರ ಚರ್ಚೆಗೆ ಮಾತ್ರ ಮೀಸಲಾದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ನಮ್ಮ ಕಾಲದಲ್ಲಿ ಹಾಳಾದ ಊರುಗಳ ಜನರೇ ಈ ಪ್ರಶ್ನೆಯನ್ನು ಎದುರಿಸಬೇಕಾಗಿ ಬಂದಿದೆ. ಕೆಲವರು ಒಂದು ಬಗೆಯಾಗಿಯೂ ಕೆಲವರು ಮತ್ತೊಂದು ಬಗೆಯಾಗಿಯೂ ಅದಕ್ಕೆ ಉತ್ತರ ಹೇಳಿದ್ದಾರೆ. ಅಂತಹ ಕೆಲವು ಉತ್ತರಗಳನ್ನು ಇಲ್ಲಿ ಗೃಹಸ್ಥರ ಮುಂದಿಟ್ಟು, ನಮಗೆ ತೋರಿದ ಅಭಿಪ್ರಾಯವನ್ನು ವಿನಯದಿಂದ ಅರಿಕೆಮಾಡಿಕೊಳ್ಳುವೆವು. ನಾವು ಆ ದೇಶಗಳನ್ನು ಕಣ್ಣಾರೆ ಕಂಡವರಲ್ಲ. ಚಿತ್ರಗಳನ್ನು ನೋಡಿಯೂ ಬಲ್ಲವರ ಬರಹಗಳನ್ನು ಓದಿಯೂ ತಿಳಿದುಕೊಂಡವರು. ಆದರೂ ಸಂಕಟವು ಯಾವ ದೇಶದಲ್ಲಿಯಾದರೂ ಒಂದೇ ಭಾಷೆಯನ್ನಾಡುವುದರಿಂದ ಅದನ್ನು ಗ್ರಹಿಸುವುದು ಕಷ್ಟವಾಗಲಾರದು.

ಇಟಲಿ ದೇಶದ ದಕ್ಷಿಣಕ್ಕಿರುವ ಸಿಸಿಲಿ ದ್ವೀಪದ ಪಶ್ಚಿಮಭಾಗದಲ್ಲಿ ಬೆಲಿಚೆ ಎಂಬ ಕಣಿವೆಯುಂಟು. ಗೋದಿಯ ಹೊಲಗಳೂ ದ್ರಾಕ್ಷಿಯ ತೋಟಗಳೂ ಇರುವ ಆ ಗುಡ್ಡಗಾಡಿನಲ್ಲಿ ಜಿಬೆಲ್ಲಿನಾ ಎಂಬ ಹಳೆಯ ಊರೊಂದಿದ್ದಿತು. ಬೆಟ್ಟದ ಇಳಿಜಾರಿಗೆ ಆತುಕೊಂಡಂತೆ ಕಲ್ಲುಮಣ್ಣಿನ ಮನೆಗಳು. ಅವುಗಳ ನಡುವೆ ಎರಡು ಕತ್ತೆಗಳು ಎದುರುಬದುರಾಗಿ ಬಂದರೆ ಪಕ್ಕಕ್ಕೆ ಸರಿಯಬೇಕಾದ ಇಕ್ಕಟ್ಟಾದ ಓಣಿಗಳು. ಬಡ ರೈತರೂ ಕೂಲಿಕಾರರೂ ಆದ ಜನ. ೧೯೬೮ನೆಯ ಇಸವಿ ಜನವರಿ ತಿಂಗಳ ೧೪ನೆಯ ತಾರೀಖಿನಂದು ಅಲ್ಲಿ ಭೂಮಿಯು ಹಲವು ಸಲ ಅಲುಗಿತು. ಹೆದರಿದ ಜನರಲ್ಲಿ ಅನೇಕರು ಮಾಘದಂತಹ ಚಳಿಯನ್ನೂ ಲೆಕ್ಕಿಸದೆ ಆ ರಾತ್ರಿಯನ್ನು ಬಯಲಿನಲ್ಲಿ ಕಳೆದರು. ೧೫ನೆಯ ತಾರೀಖಿನ ಬೆಳಗಿನ ಜಾವಕ್ಕೆ ಮೊದಲು ಬಂದ ದೊಡ್ಡ ಕಂಪನಕ್ಕೆ ಜಿಬೆಲ್ಲಿನಾ, ಪೊಜ್ಜೊರೆಯಾಲೆ, ಸಲಪರೂಟಾ, ಮೊಂಟೆವಾಗೊ ಎಂಬ ನಾಲ್ಕು ಊರುಗಳು ನೆಲಸಮವಾದವು. ಕಣಿವೆಯಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಜನರು ಮಡಿದರು. ಹತ್ತಾರು ಸಾವಿರ ಜನರು ನಿರ್ವಸತಿಗಳಾದರು. ಬಯಲಿನಲ್ಲಿ ಮಲಗಿದ್ದವರು ಬದುಕಿಕೊಂಡರು. ಆದರೆ ಬೆಳಗಾದಾಗ ಅವರು ಕಂಡದ್ದು ತಮ್ಮ ಊರನ್ನಲ್ಲ, ಒಂದು ಕಲ್ಲಿನ ರಾಶಿಯನ್ನು.

ಇಲ್ಲಿಂದ ಮುಂದೆ ನಡೆದುದು ಭೂಕಂಪಕ್ಕಿಂತಲೂ ಶೋಚನೀಯವಾದುದು. ಸರಕಾರವು ತಾತ್ಕಾಲಿಕವೆಂದು ಕಟ್ಟಿಸಿಕೊಟ್ಟ ತಗಡಿನ ಗುಡಿಸಲುಗಳಲ್ಲಿ ಆ ಜನರು ಒಂದೆರಡು ವರ್ಷಗಳಲ್ಲ, ಹತ್ತು ವರ್ಷಗಳಿಗೂ ಮೇಲ್ಪಟ್ಟು ಬಾಳಬೇಕಾಯಿತು. ಆ ಗುಡಿಸಲುಗಳಲ್ಲಿ ಮಕ್ಕಳು ಹುಟ್ಟಿ, ಬೆಳೆದು, ಪಾಠಶಾಲೆಗೆ ಹೋಗುವಂತಾದರು. ಅನೇಕ ಸಂಸಾರಗಳು ಕಾದು ಬೇಸತ್ತು ಉತ್ತರದ ಕಾರ್ಖಾನೆಗಳ ಪಟ್ಟಣಗಳಿಗೂ ಪರದೇಶಗಳಿಗೂ ವಲಸೆಹೋದವು. ಪ್ರಕೃತಿಯು ಒಂದು ನಿಮಿಷದಲ್ಲಿ ಮುಗಿಸಿದ ಹಾನಿಯನ್ನು ಆಡಳಿತದ ಆಲಸ್ಯವು ಒಂದು ತಲೆಮಾರಿನವರೆಗೆ ಎಳೆಯಿತು.

ಹೊಸ ಜಿಬೆಲ್ಲಿನಾವನ್ನು ಹಳೆಯದರ ಜಾಗದಲ್ಲಿ ಕಟ್ಟದೆ, ಕೆಲವು ಮೈಲಿಗಳ ಆಚೆ ಪಶ್ಚಿಮಕ್ಕೆ, ರೈಲುದಾರಿಗೂ ಹೆದ್ದಾರಿಗೂ ಸಮೀಪವಾದ ಸಮನೆಲದಲ್ಲಿ ಕಟ್ಟುವುದೆಂದು ನಿಶ್ಚಯವಾಯಿತು. ಆಗ ಅಲ್ಲಿನ ಪುರಾಧ್ಯಕ್ಷನಾಗಿದ್ದವನು ಲುಡೊವಿಕೊ ಕೊರ್ರಾವೊ ಎಂಬ ವಕೀಲ. ಮನೆಗಳನ್ನಷ್ಟೇ ಕಟ್ಟಿದರೆ ಊರಾಗುವುದಿಲ್ಲ, ಇತಿಹಾಸವನ್ನು ಕಳೆದುಕೊಂಡ ಜನರಿಗೆ ಹೊಸದೊಂದು ಚೇತನವೂ ಬೇಕು ಎಂಬುದು ಅವನ ದೃಢವಾದ ನಂಬಿಕೆಯಾಗಿದ್ದಿತು. ಅವನು ಇಟಲಿಯ ಹೆಸರಾಂತ ಶಿಲ್ಪಿಗಳನ್ನೂ ವಾಸ್ತುಕಾರರನ್ನೂ ಬರಮಾಡಿಕೊಂಡನು. ಪಿಯೆತ್ರೊ ಕೊನ್ಸಾಗ್ರಾ ಎಂಬಾತನು ಕಣಿವೆಯ ಹೆಬ್ಬಾಗಿಲಿನಲ್ಲಿ ೨೬ ಮೀಟರ್ ಎತ್ತರದ ಉಕ್ಕಿನ ನಕ್ಷತ್ರವೊಂದನ್ನು ೧೯೮೧ರಲ್ಲಿ ನಿಲ್ಲಿಸಿದನು. ಲುಡೊವಿಕೊ ಕ್ವಾರೋನಿ ಎಂಬ ವಾಸ್ತುಕಾರನು ಒಂದು ದೊಡ್ಡ ಬಿಳಿಯ ಗೋಲವನ್ನೊಳಗೊಂಡ ಇಗರ್ಜಿಯನ್ನು ಕಲ್ಪಿಸಿದನು. ಚೌಕಗಳಲ್ಲಿಯೂ ಬೀದಿಗಳ ತಿರುವುಗಳಲ್ಲಿಯೂ ಹತ್ತಾರು ಶಿಲ್ಪಗಳು ತಲೆಯೆತ್ತಿದವು.

ಇದನ್ನು ಮೆಚ್ಚಿದವರು ಇದ್ದಂತೆ ಹಳಿದವರೂ ಇದ್ದರು. ಹಳಿದವರ ಮಾತು ನಿರಾಧಾರವಾದುದಲ್ಲ. ಗುಡಿಸಲಿನಲ್ಲಿರುವವನ ಕಣ್ಣಿಗೆ ಉಕ್ಕಿನ ನಕ್ಷತ್ರವು ಹೇಗೆ ಕಂಡೀತು? ಹೊಸ ಊರಿನ ರಸ್ತೆಗಳು ಮೋಟಾರು ಗಾಡಿಗಳಿಗೆ ಒಪ್ಪುವಷ್ಟು ವಿಶಾಲವಾದುವು. ಮನೆಗಳಿಗೆ ಹಿತ್ತಿಲೂ ಗಾಳಿಬೆಳಕೂ ಬಂದವು. ಆದರೆ ಹೊಸ್ತಿಲ ಮೇಲೆ ಕುಳಿತು ಎದುರುಮನೆಯವಳೊಡನೆ ಮಾತನಾಡುತ್ತಿದ್ದ ಮುದುಕಿಗೆ ಈಗ ಎದುರುಮನೆಯೇ ಕೂಗಳತೆಗೆ ಸಿಕ್ಕದಂತಾಯಿತು. ಕ್ವಾರೋನಿಯ ಇಗರ್ಜಿಯ ಛಾವಣಿಯು ೧೯೯೪ರಲ್ಲಿ ತಾನಾಗಿಯೇ ಕುಸಿದುಬಿದ್ದಿತು. ಅದು ದುರಸ್ತಾಗಿ ಪೂಜೆಗೆ ತೆರೆದದ್ದು ೨೦೧೦ರಲ್ಲಿ. ಭೂಕಂಪದಿಂದ ಓಡಿಬಂದವರ ಊರಿನಲ್ಲಿ ಭೂಕಂಪವಿಲ್ಲದೆಯೇ ದೇವಮಂದಿರ ಬಿದ್ದರೆ ಜನರ ಮನಸ್ಸಿಗೆ ಹೇಗಾಗಿರಬೇಕೆಂಬುದನ್ನು ನಾವು ವಿವರಿಸಬೇಕಾದುದಿಲ್ಲ.

ಇಷ್ಟರಲ್ಲಿ ಕೊರ್ರಾವೊ ಕರೆಸಿಕೊಂಡವರಲ್ಲಿ ಅಲ್ಬೆರ್ಟೊ ಬುರ್ರಿ ಎಂಬವನೂ ಒಬ್ಬ. ಇವನ ಚರಿತ್ರೆಯು ಕೇಳತಕ್ಕದ್ದು. ೧೯೧೫ರಲ್ಲಿ ಹುಟ್ಟಿದ ಈತನು ವೃತ್ತಿಯಿಂದ ವೈದ್ಯ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಸೈನ್ಯದೊಡನೆ ಆಫ್ರಿಕದಲ್ಲಿದ್ದಾಗ ಸೆರೆಸಿಕ್ಕಿ, ಅಮೆರಿಕದ ಟೆಕ್ಸಾಸ್ ಪ್ರಾಂತದ ಹೆರೆಫರ್ಡ್ ಎಂಬಲ್ಲಿನ ಸೆರೆಶಿಬಿರಕ್ಕೆ ಒಯ್ಯಲ್ಪಟ್ಟನು. ಅಲ್ಲಿ ಅವನು ಕುಂಚವನ್ನು ಹಿಡಿದನು. ಬಿಡುಗಡೆಯಾದ ಮೇಲೆ ವೈದ್ಯವೃತ್ತಿಗೆ ಮರಳಲೇ ಇಲ್ಲ. ಹರಿದ ಗೋಣಿತಟ್ಟುಗಳನ್ನು ಹೊಲಿದು, ಸುಟ್ಟ ಮರದ ಹಲಗೆಗಳನ್ನು ಜೋಡಿಸಿ ಅವನು ಚಿತ್ರಗಳನ್ನು ಮಾಡಿದನು. ಗಾಯವನ್ನು ಹೊಲಿದು ಅಭ್ಯಾಸವಾದ ಕೈಗಳು ಅವು ಎಂದು ನೋಡಿದವರು ಹೇಳುವುದುಂಟು. ಮುಂದೆ ೧೯೭೦ರ ದಶಕದಲ್ಲಿ, ಕೆರೆಯ ತಳದ ಕೆಸರು ಬೇಸಗೆಯಲ್ಲಿ ಒಣಗಿ ಸೀಳುವಂತೆ, ಬಣ್ಣದ ಲೇಪವು ತಾನಾಗಿ ಬಿರಿಯುವ ಹಾಗೆ ಮಾಡಿದ ಫಲಕಗಳನ್ನು ಅವನು ರಚಿಸಿದನು. ಅವಕ್ಕೆ "ಕ್ರೆಟ್ಟೊ" ಎಂದು ಹೆಸರು. ಬಿರುಕು ಎಂಬುದೇ ಆ ಮಾತಿನ ತಾತ್ಪರ್ಯ.

ಬುರ್ರಿಯು ಹೊಸ ಊರನ್ನು ನೋಡಿದನು. ಅಲ್ಲಿ ತಾನು ಸೇರಿಸತಕ್ಕದ್ದು ಏನೂ ಇಲ್ಲವೆಂದು ಅವನಿಗೆ ತೋರಿತು. ಹಳೆಯ ಊರನ್ನು ತೋರಿಸಿರೆಂದು ಕೇಳಿ ಅಲ್ಲಿಗೆ ಹೋದನು. ಹಾಳುಬಿದ್ದ ಆ ಕಲ್ಲುರಾಶಿಯ ಮುಂದೆ ಅವನ ಮನಸ್ಸು ಕರಗಿತು. ತನ್ನ ಕೆಲಸವು ಇಲ್ಲಿಯೇ ಎಂದು ನಿಶ್ಚಯಿಸಿದನು. ಅವನು ಯೋಚಿಸಿದ ಕಾರ್ಯವು ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಠಿನ. ಬಿದ್ದ ಮನೆಗಳ ಕಲ್ಲುಮಣ್ಣುಗಳನ್ನು ಅವು ಬಿದ್ದ ಕಡೆಯಲ್ಲಿಯೇ ಒಟ್ಟುಗೂಡಿಸಿ, ಕೇರಿಕೇರಿಯಾಗಿ ದಿಂಡುಗಳನ್ನು ಮಾಡಿ, ಅವುಗಳ ಮೇಲೆ ಬಿಳಿಯ ಸಿಮೆಂಟನ್ನು ಹೊದಿಸುವುದು. ಆದರೆ ಹಳೆಯ ಊರಿನ ಬೀದಿಗಳು ಎಲ್ಲೆಲ್ಲಿ ಹಾದುಹೋಗಿದ್ದವೋ ಅಲ್ಲಿ ಬಹುಮಟ್ಟಿಗೆ ದಾರಿಗಳನ್ನು ತೆರೆದೇ ಬಿಡುವುದು. ಹೀಗೆ ಮಾಡಿದ ದಿಂಡುಗಳು ಸುಮಾರು ಒಂದೂವರೆ ಮೀಟರಿಗಿಂತ ಸ್ವಲ್ಪ ಎತ್ತರ; ನಡುವಣ ದಾರಿಗಳು ಎರಡು ಮೂರು ಮೀಟರ್ ಅಗಲ; ಎಲ್ಲವೂ ಸೇರಿ ಇಪ್ಪತ್ತು ಎಕರೆಗಳಷ್ಟು ವಿಸ್ತಾರ. ೧೯೮೪ರಲ್ಲಿ ಆರಂಭವಾದ ಕೆಲಸವು ಹಣ ಸಾಲದೆ ೧೯೮೯ರಲ್ಲಿ ನಿಂತುಹೋಯಿತು. ಬುರ್ರಿಯು ೧೯೯೫ರಲ್ಲಿ ತೀರಿಕೊಂಡನು. ತನ್ನ ಅತಿದೊಡ್ಡ ಕೃತಿಯನ್ನು ಅವನು ಪೂರ್ಣವಾಗಿ ನೋಡಲಿಲ್ಲ. ಅವನ ಜನ್ಮಶತಾಬ್ದಿಯಾದ ೨೦೧೫ರಲ್ಲಿ ಉಳಿದ ಭಾಗವನ್ನು ಮುಗಿಸಿದರು. ಮೊದಲು ಹೊದಿಸಿದ ಸಿಮೆಂಟು ಆ ವೇಳೆಗೆ ಮಳೆಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ್ದುದರಿಂದ ಹಳೆಯದಕ್ಕೂ ಹೊಸದಕ್ಕೂ ನಡುವಣ ಗೆರೆಯು ಸ್ಪಷ್ಟವಾಗಿ ಕಾಣುತ್ತಿದ್ದಿತು.

ದೂರದ ಗುಡ್ಡದಿಂದ ನೋಡಿದವರಿಗೆ ಇದು ಹಸುರು ಹೊಲಗಳ ನಡುವೆ ಒಣಗಲು ಹರವಿದ ದೊಡ್ಡದೊಂದು ಬಿಳಿಯ ಬಟ್ಟೆಯಂತೆ ಕಾಣುವುದು. ಹತ್ತಿರ ಬಂದು ಒಳಹೊಕ್ಕವರಿಗೆ ಎರಡು ಗೋಡೆಗಳ ನಡುವಣ ಓಣಿಯಾಗುವುದು. ಅಲ್ಲಿ ಮೂರ್ತಿಯಿಲ್ಲ, ಲಿಪಿಯಿಲ್ಲ, ಅಳುವ ತಾಯಿಯ ಪ್ರತಿಮೆಯಿಲ್ಲ. ಬಿಳಿಯ ದಿಂಡು, ಬಿರುಕು, ಆಕಾಶ, ಇಷ್ಟೇ.

ಇದನ್ನು ಕಂಡ ಎಲ್ಲರೂ ಒಪ್ಪಿದರೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಆ ಕಲ್ಲುಮಣ್ಣಿನ ಒಳಗೆ ಮನೆಯವರ ಪಾತ್ರೆಪಡಗಗಳೂ ಮಂಚಗಳೂ ಮಕ್ಕಳ ಆಟದ ಸಾಮಾನುಗಳೂ ಇದ್ದುವು. ಅವುಗಳ ಮೇಲೆ ಸಿಮೆಂಟು ಸುರಿಯುವುದೆಂದರೆ ಸತ್ತ ಊರನ್ನು ಎರಡನೆಯ ಸಲ ಹೂಳಿದಂತೆ ಎಂದು ನೊಂದವರುಂಟು. ನೆರೆಯ ಪೊಜ್ಜೊರೆಯಾಲೆಯನ್ನು ಹಾಗೆ ಮುಚ್ಚಲಿಲ್ಲ. ಅಲ್ಲಿ ಮುರಿದ ಮಹಡಿಗಳೂ ತೆರೆದ ಕಿಟಕಿಗಳೂ ಇಂದಿಗೂ ನಿಂತಿವೆ. ಹಾಳನ್ನು ಹಾಳಾಗಿಯೇ ಬಿಡುವುದು ಹೆಚ್ಚು ಪ್ರಾಮಾಣಿಕವಲ್ಲವೆ ಎಂದು ಕೇಳುವವರಿಗೆ ಪೊಜ್ಜೊರೆಯಾಲೆಯೇ ಸಾಕ್ಷಿ. ಆದರೆ ಹಾಗೆ ಬಿಟ್ಟ ಹಾಳು ವರ್ಷೇವರ್ಷೇ ಕರಗುತ್ತ ಹೋಗುವುದು. ಗಿಡ ಬೆಳೆದು, ಗೋಡೆ ಜಾರಿ, ಕೊನೆಗೆ ಇದು ಯಾವ ಬೀದಿಯೆಂಬುದು ಮೊಮ್ಮಕ್ಕಳಿಗೆ ತಿಳಿಯದೆ ಹೋಗುವುದು.

ಈ ವಿವಾದದಲ್ಲಿ ನಮ್ಮ ಮನಸ್ಸು ಎತ್ತ ವಾಲುವುದೆಂಬುದನ್ನು ಹೇಳುವ ಮೊದಲು ನಮ್ಮ ಅಲಂಕಾರಶಾಸ್ತ್ರದ ಮಾತೊಂದನ್ನು ಸ್ಮರಿಸುವುದು ಅವಶ್ಯಕ. ಶೋಕವೆಂಬುದು ಒಂದು, ಕರುಣರಸವೆಂಬುದು ಇನ್ನೊಂದು ಎಂದು ನಮ್ಮ ಆಲಂಕಾರಿಕರು ಬಿಡಿಸಿ ಹೇಳಿದ್ದಾರೆ. ನನ್ನ ಮಗ ಸತ್ತನೆಂಬುದು ಶೋಕ. ಅದರಲ್ಲಿ ರಸವಿಲ್ಲ, ಬರಿಯ ಉರಿಯುಂಟು. ನನ್ನದು ಅವನದು ಎಂಬ ಕಟ್ಟು ಸಡಿಲಿ, ಆ ನೋವು ಎಲ್ಲರಿಗೂ ಸಾಧಾರಣವಾದಾಗ ಮಾತ್ರ ಅದು ರಸವಾಗುವುದು. ಇದನ್ನೇ ಸಾಧಾರಣೀಕರಣವೆಂದು ಕರೆದರು. ದೂರದಿಂದ ಬಂದು ಜಿಬೆಲ್ಲಿನಾದ ಬಿಳಿಯ ಬಯಲನ್ನು ನೋಡುವ ಪ್ರವಾಸಿಗೆ ಈ ರಸವು ದೊರಕುವುದು ಆಶ್ಚರ್ಯವಲ್ಲ. ಏಕೆಂದರೆ ಅಲ್ಲಿ ಅವನದೇನೂ ಹೂಳಿಲ್ಲ. ಆದರೆ ಆ ದಿಂಡಿನ ಕೆಳಗೆ ಯಾರ ಮನೆಯಿರುವುದೋ ಅವನ ಗತಿಯೇನು? ಅವನ ಶೋಕವು ಅವನದೇ ಆಗಿ ಉಳಿದಿರುವಾಗ ಕೃತಿಯು ಅವನಿಗೆ ಕೊಡುವುದೇನು? ಹಾಳಾದ ಊರಿನ ಕಲೆಗೆ ನಿಜವಾದ ಪರೀಕ್ಷೆಯು ಇದೇ. ಪ್ರವಾಸಿಯ ಮೆಚ್ಚಿಕೆಯನ್ನು ಇಲ್ಲಿ ಪ್ರಮಾಣವಾಗಿ ಹಿಡಿಯುವಂತಿಲ್ಲ.

ನಾವು ಉಪಾಧ್ಯಾಯರಾಗಿದ್ದ ದಿನಗಳಲ್ಲಿ ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವನ್ನು ಎಷ್ಟೋ ಸಲ ಪಾಠಹೇಳಿದ್ದುಂಟು. ವನವಾಸವೂ ಯುದ್ಧವೂ ಮುಗಿದು ಅಯೋಧ್ಯೆಯ ಅರಮನೆಯಲ್ಲಿ ಸುಖವಾಗಿರುವ ಸೀತಾರಾಮರಿಗೆ ಲಕ್ಷ್ಮಣನು ಅವರ ಹಿಂದಿನ ಬಾಳನ್ನೇ ಬರೆಸಿದ ಚಿತ್ರಗಳನ್ನು ತೋರಿಸುವ ಸಂದರ್ಭವದು. ಹಿಂದೆ ಅನುಭವಿಸಿದ ದುಃಖವು ಈಗ ಗೋಡೆಯ ಮೇಲಿನ ಚಿತ್ರವಾಗಿರುವುದು. ಆದರೂ ಕವಿಯು ಆ ಚಿತ್ರಗಳನ್ನು ನಿರಪಾಯವೆಂದು ತೋರಿಸುವುದಿಲ್ಲ. ಸೀತೆಯು ಬೆದರುವಳು; ಜನಸ್ಥಾನದ ಚಿತ್ರದ ಮುಂದೆ ರಾಮನ ಕಣ್ಣು ತುಂಬುವುದು. ಅದೇ ಚಿತ್ರಗಳನ್ನು ನೋಡಿದ್ದರಿಂದಲೇ ಸೀತೆಗೆ ಆ ಕಾಡುಗಳನ್ನೂ ಭಾಗೀರಥಿಯನ್ನೂ ಮತ್ತೊಮ್ಮೆ ನೋಡಬೇಕೆಂಬ ಬಯಕೆಯೂ ಹುಟ್ಟುವುದು. ಕಳೆದ ದುಃಖವು ಚಿತ್ರವಾದಾಗ ಅದು ಗಾಯವನ್ನು ಕೆದಕಲೂ ಬಹುದು, ಆ ಜಾಗಕ್ಕೆ ಹಿಂದಿರುಗುವ ಧೈರ್ಯವನ್ನು ಕೊಡಲೂ ಬಹುದು. ಎರಡೂ ಒಂದೇ ಗಳಿಗೆಯಲ್ಲಿ ನಡೆಯಬಹುದೆಂಬುದು ಆ ಮಹಾಕವಿಗೆ ತಿಳಿದಿದ್ದಿತು.

ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ ಬುರ್ರಿಯ ಕೃತಿಯು ತೇರ್ಗಡೆಯಾಗುವುದು ಒಂದೇ ಕಾರಣದಿಂದ ಎಂದು ನಮಗೆ ತೋರುವುದು: ಅವನು ಬೀದಿಗಳನ್ನು ಮುಚ್ಚಲಿಲ್ಲ. ಮನೆಗಳು ಹೋದುವು, ಅವುಗಳನ್ನು ತರಲು ಯಾರಿಂದಲೂ ಆಗದು. ಆದರೆ ಊರೆಂದರೆ ಮನೆಗಳ ಲೆಕ್ಕವಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ದಾರಿ. ಬಾವಿಗೆ ಹೋಗುವ ಓಣಿ, ಇಗರ್ಜಿಗೆ ಏರುವ ತಿರುವು, ತವರಿಗೆ ಹೋಗುವಾಗ ಮಗಳು ಹಿಂತಿರುಗಿ ನೋಡುವ ಮೂಲೆ, ಇವೇ ಊರು. ಜಿಬೆಲ್ಲಿನಾದ ಮುದುಕನೊಬ್ಬನು ಇಂದು ಮೊಮ್ಮಗನ ಕೈಹಿಡಿದು ಆ ಬಿರುಕಿನೊಳಗೆ ನಡೆದರೆ, ಇಲ್ಲಿ ಎಡಕ್ಕೆ ತಿರುಗಬೇಕು, ಇಲ್ಲಿ ನಮ್ಮ ಬಾಗಿಲಿತ್ತು ಎಂದು ಕಾಲಿನ ಅಭ್ಯಾಸದಿಂದಲೇ ಹೇಳಬಲ್ಲನು. ಹಳೆಯ ಊರಿನಲ್ಲಿ ಮನೆಗಳಿಲ್ಲದ ಬೀದಿಗಳು ಉಳಿದುವು. ಹೊಸ ಊರಿನಲ್ಲಿ ಮನೆಗಳಿದ್ದೂ ಬೀದಿಯ ಬಾಳು ಉಳಿಯಲಿಲ್ಲ. ಕಟ್ಟುವವರು ಈ ಎರಡನ್ನೂ ಪಕ್ಕಪಕ್ಕಕ್ಕಿಟ್ಟು ನೋಡಿ ಕಲಿಯಬೇಕಾದುದು ಬಹಳವುಂಟು. ಇಟಲಿಯ ಸರಕಾರವು ೨೦೨೬ನೆಯ ವರ್ಷಕ್ಕೆ ಸಮಕಾಲೀನ ಕಲೆಯ ರಾಜಧಾನಿಯೆಂಬ ಬಿರುದನ್ನು ಮೊಟ್ಟಮೊದಲಿಗೆ ಕೊಟ್ಟದ್ದು ಜಿಬೆಲ್ಲಿನಾಕ್ಕೆ. ಆ ಗೌರವದಲ್ಲಿ ಸೋಲು ಗೆಲವುಗಳೆರಡಕ್ಕೂ ಪಾಲುಂಟೆಂದು ನಾವು ಎಣಿಸುವೆವು.

ಎಲ್ಲ ಹಾಳಿಗೂ ಬಿಳಿಯ ಹೊದಿಕೆಯೇ ತಕ್ಕ ಮದ್ದೆಂದು ತಿಳಿಯಬಾರದು. ಕೆಲವು ಹಾಳನ್ನು ಮುಚ್ಚುವುದೇ ಅಪರಾಧ. ೨೦೦೮ನೆಯ ಇಸವಿ ಮೇ ತಿಂಗಳ ೧೨ನೆಯ ತಾರೀಖು ಚೀನಾ ದೇಶದ ಸಿಚುವಾನ್ ಪ್ರಾಂತದಲ್ಲಿ ಆದ ಭೂಕಂಪದಲ್ಲಿ ಸುಮಾರು ಎಪ್ಪತ್ತು ಸಾವಿರ ಜನರು ಮಡಿದರು. ಅದು ಹಗಲುಹೊತ್ತು, ಮಕ್ಕಳು ಪಾಠಶಾಲೆಗಳಲ್ಲಿದ್ದರು. ಎಷ್ಟೋ ಕಡೆ ಅಕ್ಕಪಕ್ಕದ ಕಟ್ಟಡಗಳು ನಿಂತಿದ್ದರೂ ಶಾಲೆಯ ಕಟ್ಟಡಗಳು ಮಾತ್ರ ಕುಸಿದುವು. ಕಟ್ಟಡದ ಕೆಲಸದಲ್ಲಿ ಮೋಸ ನಡೆದಿರಬೇಕೆಂದು ಹೆತ್ತವರು ಮೊರೆಯಿಟ್ಟರು. ಅವರ ಬಾಯಿ ಮುಚ್ಚಿಸುವ ಪ್ರಯತ್ನಗಳು ನಡೆದುವು. ಆಗ ಐ ವೈವೈ ಎಂಬ ಚೀನೀ ಕಲಾವಿದನು ಸ್ವಯಂಸೇವಕರನ್ನು ಕೂಡಿಸಿಕೊಂಡು ಮನೆಮನೆಗೆ ಹೋಗಿ ಮಡಿದ ಮಕ್ಕಳ ಹೆಸರುಗಳನ್ನು ಬರೆದುಕೊಂಡನು. ಹೀಗೆ ಐದು ಸಾವಿರಕ್ಕೂ ಮೇಲ್ಪಟ್ಟು ಹೆಸರುಗಳು ಕೂಡಿದುವು. ೨೦೦೯ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಕಲಾಭವನದ ಮುಂಗೋಡೆಯ ಮೇಲೆ ಒಂಬತ್ತು ಸಾವಿರ ಶಾಲಾಚೀಲಗಳನ್ನು ಜೋಡಿಸಿ, ಮಗಳನ್ನು ಕಳೆದುಕೊಂಡ ಒಬ್ಬ ತಾಯಿಯ ಮಾತನ್ನು ಚೀನೀ ಅಕ್ಷರಗಳಲ್ಲಿ ಮೂಡಿಸಿದನು. ತನ್ನ ಮಗು ಏಳು ವರ್ಷ ಈ ಲೋಕದಲ್ಲಿ ಸುಖವಾಗಿದ್ದಿತೆಂಬುದು ಆ ಮಾತಿನ ಅರ್ಥ.

ಇದಕ್ಕಿಂತಲೂ ಕಠೋರವಾದುದು ಅವನ ಇನ್ನೊಂದು ಕೃತಿ. ಕುಸಿದ ಕಟ್ಟಡಗಳ ಸಿಮೆಂಟಿನಿಂದ ಹೊರಬಂದ, ಡೊಂಕಾದ ಕಬ್ಬಿಣದ ಸಲಾಕೆಗಳನ್ನು ಅವನು ಗುಟ್ಟಾಗಿ ಕೊಂಡು ತರಿಸಿದನು. ಒಟ್ಟು ತೂಕ ಸುಮಾರು ೧೫೦ ಟನ್. ಕೆಲಸಗಾರರು ಒಂದೊಂದು ಸಲಾಕೆಯನ್ನೂ ಕೈಯಿಂದ ಬಡಿದು ನೆಟ್ಟಗೆ ಮಾಡಿದರು. ಈ ಕೆಲಸಕ್ಕೆ ವರ್ಷಗಳೇ ಹಿಡಿದುವು. ನೆಟ್ಟಗಾದ ಸಲಾಕೆಗಳನ್ನು ನೆಲದ ಮೇಲೆ ಅಲೆಅಲೆಯಾಗಿ ಹಾಸಿ, ನಡುವೆ ಭೂಮಿ ಬಿರಿದಂತೆ ಸೀಳುಗಳನ್ನು ಬಿಟ್ಟು, ೨೦೧೩ರಲ್ಲಿ ವೆನಿಸ್ ನಗರದಲ್ಲಿಯೂ ೨೦೧೫ರಲ್ಲಿ ಲಂಡನ್ನಿನಲ್ಲಿಯೂ ಪ್ರದರ್ಶಿಸಿದರು. ಕೃತಿಯ ಹೆಸರು "ನೇರ" ಎಂದಷ್ಟೇ. ಡೊಂಕಾದುದನ್ನು ನೇರಮಾಡುವುದೆಂದರೆ ಏನೆಂಬುದನ್ನು ಆ ಸುತ್ತಿಗೆಯ ಪೆಟ್ಟುಗಳು ಬಾಯಿಬಿಟ್ಟು ಹೇಳಲಿಲ್ಲ, ಧ್ವನಿಸಿದುವು. ವಾಚ್ಯಕ್ಕಿಂತ ವ್ಯಂಗ್ಯವು ಬಲವತ್ತರವೆಂದು ಆನಂದವರ್ಧನನು ಸಾಧಿಸಿದುದು ಕಾವ್ಯದ ವಿಷಯದಲ್ಲಿ. ಕಬ್ಬಿಣದ ವಿಷಯದಲ್ಲಿಯೂ ಅದು ಸಲ್ಲುವುದೆಂದು ಇಲ್ಲಿ ಕಾಣಬಹುದು. ಆ ಕಲಾವಿದನು ೨೦೦೯ರಲ್ಲಿ ಪೊಲೀಸರಿಂದ ಏಟು ತಿಂದು ತಲೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ೨೦೧೧ರಲ್ಲಿ ೮೧ ದಿನ ಬಂಧನದಲ್ಲಿದ್ದನು. ೨೦೧೫ರಲ್ಲಿ ದೇಶವನ್ನು ಬಿಟ್ಟನು. ಭೂಕಂಪವು ದೈವಿಕ, ಕಳಪೆಯ ಗೋಡೆಯು ಮಾನುಷ. ಇವೆರಡನ್ನೂ ಒಂದೇ ಹೆಸರಿನಿಂದ ಕರೆದು ವಿಧಿಯ ತಲೆಗೆ ಕಟ್ಟುವವರಿಗೆ ಇಂತಹ ಕಲೆಯು ಒಪ್ಪಿಗೆಯಾಗದಿರುವುದು ಸಹಜವೇ.

ಇನ್ನು ಮೂರನೆಯ ಬಗೆಯ ಉತ್ತರವೊಂದುಂಟು. ಅದು ಮುಚ್ಚುವುದೂ ಅಲ್ಲ, ಬಯಲಿಗೆಳೆಯುವುದೂ ಅಲ್ಲ. ಕೂರುವುದಕ್ಕೆ ಸ್ಥಳ ಕೊಡುವುದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ೨೦೧೧ನೆಯ ಇಸವಿ ಫೆಬ್ರವರಿ ೨೨ರಂದು ಭೂಕಂಪವಾಗಿ ೧೮೫ ಮಂದಿ ಅಸುನೀಗಿದರು. ಮರುವರ್ಷ ಪೀಟರ್ ಮಜೆಂಡಿ ಎಂಬ ಕಲಾವಿದನು ಖಾಲಿಯಾದ ನಿವೇಶನವೊಂದರ ಮೇಲೆ ೧೮೫ ಕುರ್ಚಿಗಳನ್ನು ಬಿಳಿಯ ಬಣ್ಣ ಬಳಿದು ಸಾಲಾಗಿ ಇಟ್ಟನು. ಒಂದರಂತೆ ಇನ್ನೊಂದಿಲ್ಲ. ಊಟದ ಮೇಜಿನ ಕುರ್ಚಿ, ತೋಳುಕುರ್ಚಿ, ರೋಗಿಯ ಗಾಲಿಕುರ್ಚಿ, ಹಸುಗೂಸಿನ ಪೀಠ. ಮಡಿದವರು ಸಂಖ್ಯೆಯಲ್ಲ, ಒಬ್ಬೊಬ್ಬರೂ ಬೇರೆಬೇರೆ ಮನುಷ್ಯರು ಎಂಬುದನ್ನು ಹೇಳಲು ಇದಕ್ಕಿಂತ ಸರಳವಾದ ಉಪಾಯವು ನಮಗೆ ತೋಚದು. ಯಾವ ಮನೆಯಲ್ಲಿಯಾದರೂ ಊಟದ ಪಂಕ್ತಿಯಲ್ಲಿ ಒಂದು ಮಣೆ ಖಾಲಿಯಾದುದನ್ನು ಕಂಡ ಗೃಹಿಣಿಗೆ ಆ ಕುರ್ಚಿಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ನಗರದಲ್ಲಿ ಕೆಟ್ಟುಹೋದ ದೊಡ್ಡ ಇಗರ್ಜಿಗೆ ಬದಲಾಗಿ ೨೦೧೩ರಲ್ಲಿ ಕಾಗದದ ಇಗರ್ಜಿಯೊಂದನ್ನು ತೆರೆದರು. ಅದರ ಶಿಲ್ಪಿ ಜಪಾನ್ ದೇಶದ ಶಿಗೆರು ಬಾನ್. ದಪ್ಪ ಕಾಗದದ ಕೊಳವೆಗಳನ್ನು ತೊಲೆಗಳಂತೆ ಎತ್ತಿನಿಲ್ಲಿಸಿ, ಸುಮಾರು ಏಳುನೂರು ಮಂದಿ ಕೂರಬಹುದಾದ ಮಂದಿರವನ್ನು ಆತನು ರಚಿಸಿದನು. ಕಾಗದದಿಂದ ಕಟ್ಟಡವೆ ಎಂದು ನಗಬೇಡಿರಿ. ೧೯೯೫ರಲ್ಲಿ ಜಪಾನಿನ ಕೋಬೆ ನಗರವು ಭೂಕಂಪದಿಂದಲೂ ಬೆಂಕಿಯಿಂದಲೂ ನಾಶವಾದಾಗ, ಸುಟ್ಟುಹೋದ ತಕತೋರಿ ಇಗರ್ಜಿಯ ಜಾಗದಲ್ಲಿ ಬಾನ್ ಸ್ವಯಂಸೇವಕರ ಕೈಯಿಂದಲೇ ೫೮ ಕಾಗದದ ಕಂಬಗಳ ಮಂದಿರವನ್ನು ಕಟ್ಟಿಸಿದ್ದನು. ಕೆಲವೇ ವರ್ಷ ಇರಲೆಂದು ಕಟ್ಟಿದ ಅದು ಹತ್ತು ವರ್ಷ ಬಾಳಿತು. ೨೦೦೫ರಲ್ಲಿ ಅದನ್ನು ಬಿಚ್ಚಿ ತೈವಾನ್ ದ್ವೀಪಕ್ಕೆ ಸಾಗಿಸಿ, ೧೯೯೯ರ ಭೂಕಂಪದಲ್ಲಿ ನೊಂದಿದ್ದ ತಾವೊಮಿ ಎಂಬ ಹಳ್ಳಿಯಲ್ಲಿ ೨೦೦೮ರಲ್ಲಿ ಮತ್ತೆ ನಿಲ್ಲಿಸಿದರು. ಸಂಕಟಪಟ್ಟ ಒಂದೂರಿನವರು ಸಂಕಟಪಟ್ಟ ಮತ್ತೊಂದೂರಿನವರಿಗೆ ಇಡೀ ಮಂದಿರವನ್ನೇ ಎರವಲು ಕೊಟ್ಟ ಹಾಗಾಯಿತು. ಬಂಡೆಯಲ್ಲಿ ಕಟ್ಟಿದ್ದರೆ ಇದು ಆಗುತ್ತಿದ್ದಿತೆ?

ಈ ಬಾನನ ಕೆಲಸವು ನಮ್ಮ ದೇಶಕ್ಕೂ ಬಂದಿದ್ದಿತು. ೨೦೦೧ನೆಯ ಇಸವಿ ಜನವರಿ ೨೬ರಂದು ಗುಜರಾತಿನ ಕಚ್ಛ ಪ್ರಾಂತವು ಕಂಪಿಸಿದಾಗ, ಭುಜ ನಗರದ ಬಳಿ ಆತನ ಕಾಗದದ ಮನೆಗಳನ್ನು ಕಟ್ಟಿದರು. ಕೋಬೆಯಲ್ಲಿ ಅಡಿಪಾಯಕ್ಕೆ ಮರಳು ತುಂಬಿದ ಬೀರಿನ ಪೆಟ್ಟಿಗೆಗಳನ್ನು ಇಟ್ಟಿದ್ದರು. ಭುಜದಲ್ಲಿ ಆ ಪೆಟ್ಟಿಗೆಗಳು ದೊರೆಯದೆ, ಬಿದ್ದ ಕಟ್ಟಡಗಳ ಕಲ್ಲುಚೂರುಗಳನ್ನೇ ತಳಪಾಯಕ್ಕೆ ಹಾಕಿ, ಮೇಲೆ ಅಲ್ಲಿನ ಜನರ ವಾಡಿಕೆಯಂತೆ ಮಣ್ಣಿನ ನೆಲವನ್ನು ಸಾರಿಸಿದರು. ಛಾವಣಿಗೆ ಸೀಳಿದ ಬಿದಿರು. ಬಿದ್ದ ಮನೆಯೇ ಹೊಸ ಮನೆಗೆ ಬುನಾದಿಯಾಯಿತು. ಅದೇ ಭುಜದ ಪಕ್ಕದ ಭುಜಿಯಾ ಗುಡ್ಡದ ಮೇಲೆ ೨೦೨೨ರಲ್ಲಿ ತೆರೆದ ಸ್ಮೃತಿವನದಲ್ಲಿ ಮಳೆಯ ನೀರನ್ನು ಹಿಡಿಯುವ ಸಣ್ಣ ಸಣ್ಣ ಕಟ್ಟೆಗಳ ಬದಿಯಲ್ಲಿ ಮಡಿದವರ ಹೆಸರಿನ ಫಲಕಗಳನ್ನು ಇಟ್ಟು, ಸುತ್ತಲೂ ಮರಗಳನ್ನು ಬೆಳೆಸಿದ್ದಾರೆ. ಒಣನಾಡಿನಲ್ಲಿ ಹೆಸರಿನ ಪಕ್ಕದಲ್ಲಿ ನೀರು ನಿಲ್ಲುವಂತೆ ಮಾಡಿದುದು ಯೋಗ್ಯವಾದ ತರ್ಪಣವೆಂದೇ ನಾವು ತಿಳಿಯುವೆವು.

ಹಾಗಾದರೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರವೇನು? ಹಸಿದವನ ಮುಂದೆ ವೀಣೆಯು ಅಕಾಲವೆಂಬುದು ನಿಜ. ಗುಡಿಸಲಿನ ಜನರಿಗೆ ಮನೆ ಕೊಡದೆ ಸ್ಮಾರಕವನ್ನು ಕಟ್ಟುವ ಅಧಿಕಾರಿಯು ಖಂಡನೀಯನೆಂಬುದೂ ನಿಜ. ಆದರೆ ಹಸಿವು ಅಡಗಿದ ಮೇಲೆ ಎರಡನೆಯದೊಂದು ನಷ್ಟವು ಮೆಲ್ಲಗೆ ತಲೆದೋರುವುದು. ಎಲ್ಲಿದ್ದೆವು, ಯಾರೊಡನೆ ಇದ್ದೆವು, ಇದು ಹೇಗಾಯಿತು ಎಂಬ ಮೂರು ಸಂಗತಿಗಳು ಮನಸ್ಸಿನಿಂದ ಜಾರತೊಡಗುವುವು. ಬುರ್ರಿಯು ಮೊದಲನೆಯದನ್ನು ಹಿಡಿದನು. ಕುರ್ಚಿಗಳನ್ನಿಟ್ಟವನು ಎರಡನೆಯದನ್ನು ಹಿಡಿದನು. ಸಲಾಕೆಗಳನ್ನು ನೇರಮಾಡಿಸಿದವನು ಮೂರನೆಯದನ್ನು ಬಿಡಲಿಲ್ಲ. ಬಾನನು ಇವಾವುದನ್ನೂ ಮಾಡದೆ, ನೆನಪುಗಳು ಕೂಡಿಬರುವುದಕ್ಕೆ ಒಂದು ಚಪ್ಪರವನ್ನು ಹಾಕಿಕೊಟ್ಟನು. ನಮ್ಮ ಹಿರಿಯರು ಜೀರ್ಣೋದ್ಧಾರವನ್ನು ಹೊಸದಾಗಿ ಕಟ್ಟಿಸುವುದಕ್ಕಿಂತ ಹೆಚ್ಚಿನ ಪುಣ್ಯವೆಂದು ಎಣಿಸಿದ್ದರು. ಬಿದ್ದುದನ್ನು ಎತ್ತುವಾಗ ಅದರೊಡನೆ ಹಿಂದಿನವರ ಬಾಳೂ ಮೇಲೇಳುವುದೆಂಬುದೇ ಅದರ ಮರ್ಮವಾಗಿರಬೇಕು.

ಗೃಹಸ್ಥರಾದ ವಾಚಕರು ಶಿಲ್ಪಿಗಳಲ್ಲ. ಇಪ್ಪತ್ತು ಎಕರೆ ಸಿಮೆಂಟನ್ನು ಹಾಸುವ ಶಕ್ತಿಯೂ ನಮಗಿಲ್ಲ. ಆದರೆ ಇದರಿಂದ ನಾವು ಕೈಗೊಳ್ಳಬಹುದಾದ ಕೆಲಸವಿದೆ. ಊರಿಗಾಗಲಿ ಮನೆಗಾಗಲಿ ವಿಪತ್ತು ಬಂದು ಹೋದ ಮೇಲೆ, ಎಲ್ಲವನ್ನೂ ಬೇಗ ಗುಡಿಸಿ ಚೊಕ್ಕಟಮಾಡಿ ಮರೆತುಬಿಡೋಣವೆಂಬ ಆತುರ ಎಲ್ಲರಿಗೂ ಹುಟ್ಟುವುದು. ಆಗ ಒಂದು ದಿನ ತಡೆದು, ಮನೆಯ ಹಿರಿಯರನ್ನು ಕೂರಿಸಿಕೊಂಡು, ಯಾವ ಮನೆ ಎಲ್ಲಿತ್ತು, ಯಾವ ದಾರಿ ಎತ್ತ ಹೋಗುತ್ತಿತ್ತು, ಯಾರು ಯಾರು ಇದ್ದರು ಎಂಬುದನ್ನು ಒಂದು ಕಾಗದದ ಮೇಲೆ ಗುರುತುಮಾಡಿಕೊಳ್ಳಿರಿ. ಹೊಸ ಮನೆಗೆ ಪಾಯ ತೋಡುವಾಗ ಎದುರುಮನೆಯವರ ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಬಾಗಿಲನ್ನಿಡಿರಿ. ಗೋಡೆ ಬಿದ್ದದ್ದು ಮಳೆಯಿಂದಲೋ ಕಂತ್ರಾಟುದಾರನ ಕಳ್ಳತನದಿಂದಲೋ ಎಂಬುದನ್ನು ವಿಚಾರಿಸದೆ ಬಿಡಬೇಡಿರಿ. ಬಿದ್ದ ಕಲ್ಲುಗಳಲ್ಲಿ ಒಂದೆರಡನ್ನಾದರೂ ಹೊಸ ಬುನಾದಿಗೆ ಹಾಕಿ, ಅದು ಯಾವ ಕಲ್ಲೆಂಬುದನ್ನು ಮಕ್ಕಳಿಗೆ ತೋರಿಸಿರಿ.